ಗಾಂಜಾ, ಹರೆಯ ಮತ್ತು ತಡವಾಗುವ ಚಿಕಿತ್ಸೆ

(ಶಿವಮೊಗ್ಗದ ರವೀಂದ್ರನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಆರೋಗ್ಯದ ಯಾವುದಾದರೂ ವಿಷಯದ ಮೇಲೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ನಾನು ಗಾಂಜಾ ಎಂದೆ. ಅವರಲ್ಲೊಬ್ಬರು, "ನಮ್ಮ ಬಡಾವಣೆಯಲ್ಲಿ ಅದೆಲ್ಲ ಇಲ್ಲವಲ್ಲ ಡಾಕ್ಟ್ರೇ" ಎಂದರು. ಗಾಂಜಾ ಎಂದರೆ ಬೇರೆ ಬಡಾವಣೆಯ, ಬೇರೆ ಜಾತಿಯ, ಶಾಲೆ ಬಿಟ್ಟು ತಿರುಗುವ ಹುಡುಗರ ವಿಷಯ ಎಂಬ ನಂಬಿಕೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಬಲವಾಗಿದೆ. ಮನೋವೈದ್ಯನಾಗಿ ನನ್ನ ಕೊಠಡಿಗೆ ಬರುವ ಕುಟುಂಬಗಳನ್ನು ನೋಡಿದ ಮೇಲೆ ಆ ನಂಬಿಕೆಯನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ವಿನೋಬನಗರದಿಂದ, ಗೋಪಾಳದಿಂದ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಿಂದ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಿಂದ, ಇದೇ ರವೀಂದ್ರನಗರದ ರಸ್ತೆಗಳಿಂದಲೂ ಅವರು ಬರುತ್ತಾರೆ.

2023ರ ಜೂನ್ ತಿಂಗಳ ಸುದ್ದಿ ನಿಮಗೆ ನೆನಪಿರಬಹುದು. ನಮ್ಮ ಊರಂಚಿನ ಬಡಾವಣೆಯೊಂದರ ಬಾಡಿಗೆ ಮನೆಯ ಮೇಲೆ ಪೊಲೀಸರು ದಾಳಿ ಮಾಡಿದರು. ಮನೆಯೊಳಗೆ ಟೆಂಟ್ ಹಾಕಿ, ಎಲ್‌ಇಡಿ ದೀಪದ ಬೆಳಕು ಬಿಟ್ಟು, ಗಾಳಿಗೆ ಫ್ಯಾನ್ ಇಟ್ಟು ಗಾಂಜಾ ಗಿಡ ಬೆಳೆಸಿದ್ದರು ಎಂದು ಪೊಲೀಸರು ಹೇಳಿದರು. ಬಂಧಿತರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿದ್ದರು. ಅವರ ತಪ್ಪು ಒಪ್ಪುಗಳನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾನು ಆ ಮಾತಿಗೆ ಹೋಗುವುದಿಲ್ಲ. ನನ್ನನ್ನು ಕಾಡಿದ್ದು ಬೇರೆ. ಎಂಬಿಬಿಎಸ್ ಓದುವವರು ಔಷಧಶಾಸ್ತ್ರದಲ್ಲಿ ಗಾಂಜಾದ ರಾಸಾಯನಿಕಗಳನ್ನು ಪರೀಕ್ಷೆಗಾಗಿ ಓದಿಯೇ ಇರುತ್ತಾರೆ. ಓದು ಬರಹ ಇಲ್ಲದವರ ಚಟ ಇದು ಎಂದು ಕೈ ತೊಳೆದುಕೊಳ್ಳುವ ಅವಕಾಶವನ್ನು ಆ ಒಂದು ಸುದ್ದಿ ನಮ್ಮಿಂದ ಕಿತ್ತುಕೊಂಡಿತು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ ಅಥವಾ ಚರಸ್ ಬಳಸುತ್ತಾರೆ. ಇವರಲ್ಲಿ ಸುಮಾರು 72 ಲಕ್ಷ ಜನರಿಗೆ ಈ ಬಳಕೆಯಿಂದ ತೊಂದರೆಯಾಗಿದ್ದು, ಸಹಾಯ ಬೇಕಾಗಿದೆ. ಈ ಎರಡೂ ಸಂಖ್ಯೆಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಬಳಸಿದವರೆಲ್ಲ ಹಾಳಾಗಲಿಲ್ಲ ಎಂಬುದು ನಿಜ. ಹಾಳಾದವರ ಸಂಖ್ಯೆ ಸಣ್ಣದಲ್ಲ ಎಂಬುದೂ ನಿಜ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮಾದಕ ವಸ್ತು ವಿರೋಧಿ ದಿನ ಬಂತೆಂದರೆ ಕಾಲೇಜುಗಳಲ್ಲಿ ನಾವು ಮಾಡುವ ಭಾಷಣಗಳಲ್ಲಿ ತಲೆಬುರುಡೆಯ ಚಿತ್ರ ಇರುತ್ತದೆ, ಒಂದು ಸಲ ಸೇದಿದರೆ ಹುಚ್ಚು ಖಂಡಿತ ಎಂಬ ಮಾತಿರುತ್ತದೆ. ಅದನ್ನು ಕೇಳುವ ಹುಡುಗನ ಪಕ್ಕದಲ್ಲೇ ಆರು ತಿಂಗಳಿಂದ ಸೇದುತ್ತಿರುವ, ಇನ್ನೂ ಕ್ರಿಕೆಟ್ ಆಡುತ್ತಿರುವ, ಇಂಟರ್ನಲ್ಸ್‌ನಲ್ಲಿ ಪಾಸಾಗಿರುವ ಗೆಳೆಯ ಕುಳಿತಿರುತ್ತಾನೆ. ಹುಡುಗ ನಮ್ಮ ಮಾತನ್ನು ಗೆಳೆಯನ ಜೊತೆ ಹೋಲಿಸಿ ನೋಡುತ್ತಾನೆ. ನಾವು ಸುಳ್ಳು ಹೇಳಿದ್ದೇವೆ ಎಂದು ತೀರ್ಮಾನಿಸುತ್ತಾನೆ. ಆಮೇಲೆ ನಾವು ಹೇಳುವ ನಿಜವನ್ನೂ ಅವನು ನಂಬುವುದಿಲ್ಲ. ಹೆದರಿಸಲು ಹೇಳಿದ ಅತಿರೇಕದ ಮಾತುಗಳೇ ಎಷ್ಟೋ ಮಕ್ಕಳನ್ನು ನಮ್ಮಿಂದ ದೂರ ಮಾಡಿವೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹಾಗಾಗಿ ಇಂದು ಗೊತ್ತಿರುವಷ್ಟನ್ನು ಗೊತ್ತಿರುವ ಹಾಗೆಯೇ ಹೇಳುತ್ತೇನೆ.

ಇನ್ನೊಂದು ಕಡೆಯ ಅತಿರೇಕವೂ ಇದೆ. "ಸಾಧುಗಳು ಸೇದುತ್ತಿರಲಿಲ್ಲವೇ, ಶಿವನ ಸೊಪ್ಪಲ್ಲವೇ, ಗಿಡಮೂಲಿಕೆ ತಾನೇ" ಎಂಬ ವಾದ. ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ಬೇರುಗಳಿವೆ, ಅಲ್ಲಗಳೆಯುವಂತಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಅದನ್ನು ಪ್ರಸಾದವೆಂದು ಸ್ವೀಕರಿಸುವ ಪದ್ಧತಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದವು. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ತರಿಸಿ ಒಂದೊಂದಾಗಿ ನೋಡಿದಾಗ, ಗಾಂಜಾದಿಂದ ಹುಚ್ಚು ಎಂದು ಬರೆದಿದ್ದ ಅನೇಕ ಪ್ರಕರಣಗಳಿಗೆ ಸರಿಯಾದ ಆಧಾರವೇ ಇರಲಿಲ್ಲ. ಮಿತವಾದ ಬಳಕೆಯಿಂದ ಬಹುಮಂದಿಗೆ ದೊಡ್ಡ ಹಾನಿಯಿಲ್ಲ, ಅತಿಯಾದ ಬಳಕೆ ಹಾನಿಕರ ಎಂದು ಆಯೋಗ ಹೇಳಿತು. ಗಾಂಜಾ ಪರ ಮಾತಾಡುವವರು ಈ ವರದಿಯ ಮೊದಲ ಅರ್ಧವನ್ನು ಮಾತ್ರ ಉಲ್ಲೇಖಿಸುತ್ತಾರೆ.

ಆಯೋಗ ನೋಡಿದ ಬಳಕೆದಾರ ಬಹುಮಟ್ಟಿಗೆ ವಯಸ್ಕ. ದುಡಿದು ದಣಿದ ಕೂಲಿಯವನೋ ಬೈರಾಗಿಯೋ. ಇಂದು ನನ್ನ ಎದುರು ಕೂರುವವನು ಹದಿನಾರು, ಹದಿನೇಳು ವರ್ಷದ ಪಿಯುಸಿ ಹುಡುಗ. ಅಂದಿನ ಸೊಪ್ಪಿಗೂ ಇಂದಿನ ಮಾಲಿಗೂ ವ್ಯತ್ಯಾಸವಿದೆ. ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕವನ್ನು 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶುಲಾಮ್ ಮತ್ತು ಯೆಹಿಯೆಲ್ ಗವೋನಿ ಬೇರ್ಪಡಿಸಿದರು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅದರ ಪ್ರಮಾಣ 1995ರಲ್ಲಿ ಸರಾಸರಿ ಶೇಕಡಾ 4ರ ಆಸುಪಾಸಿನಲ್ಲಿತ್ತು. 2014ರ ಹೊತ್ತಿಗೆ ಶೇಕಡಾ 12ರ ಹತ್ತಿರ ಬಂತು. ದೀಪದಡಿ ನೀರಿನಲ್ಲಿ ಬೆಳೆಸುವ ಹೈಡ್ರೊ ಗಾಂಜಾ ಇನ್ನೂ ತೀಕ್ಷ್ಣ. ಥಾಯ್ಲೆಂಡ್‌ನಿಂದ ಬರುವ ಈ ಸರಕು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ಸುದ್ದಿ ಈಗ ಮಾಮೂಲಾಗಿದೆ. ಮೆಕ್ಕೆಜೋಳದ, ಶುಂಠಿಯ ಮಧ್ಯೆ ಕದ್ದು ಬೆಳೆದ ಗಿಡ, ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ ಬರುವ ಒಣ ಮಾಲು, ಈ ಹೈಡ್ರೊ, ಎಲ್ಲಕ್ಕೂ ಹುಡುಗರ ಬಾಯಲ್ಲಿ ಒಂದೇ ಹೆಸರು, ಸ್ಟಫ್. ಪೊಟ್ಟಣದೊಳಗೆ ಏನಿದೆ, ಎಷ್ಟು ತೀಕ್ಷ್ಣ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ.

ಇದು ಮಿದುಳಿನಲ್ಲಿ ಮಾಡುವ ಕೆಲಸವೇನು? ನಮ್ಮ ಮಿದುಳೇ ಗಾಂಜಾಕ್ಕೆ ಹೋಲುವ ರಾಸಾಯನಿಕಗಳನ್ನು ಬಹಳ ಸಣ್ಣ ಪ್ರಮಾಣದಲ್ಲಿ, ಬೇಕಾದ ಜಾಗದಲ್ಲಿ, ಬೇಕಾದಷ್ಟು ಹೊತ್ತು ಮಾತ್ರ ತಯಾರಿಸಿಕೊಳ್ಳುತ್ತದೆ. ನರಕೋಶಗಳ ನಡುವಿನ ಸಂದೇಶ ಅತಿಯಾಗದಂತೆ ತಡೆಯುವುದು ಅವುಗಳ ಕೆಲಸ. ಅವು ಕೂರುವ ಗ್ರಾಹಕಗಳು ನೆನಪಿನ ಭಾಗದಲ್ಲಿ, ಭಯ–ಆತಂಕದ ಭಾಗದಲ್ಲಿ, ದೇಹದ ಸಮತೋಲನ ನೋಡಿಕೊಳ್ಳುವ ಭಾಗದಲ್ಲಿ, ಯೋಚಿಸಿ ನಿರ್ಧರಿಸುವ ಮುಂಭಾಗದಲ್ಲಿ ದಟ್ಟವಾಗಿವೆ. ಗಾಂಜಾ ಸೇದಿದಾಗ ಟಿಎಚ್‌ಸಿ ಕೆಲವೇ ನಿಮಿಷಗಳಲ್ಲಿ ಇವೆಲ್ಲ ಜಾಗಗಳಲ್ಲೂ ಒಟ್ಟಿಗೆ ಹೋಗಿ ಕೂರುತ್ತದೆ. ಹೊತ್ತು ನಿಧಾನವಾಗುವುದು, ನಗು ಉಕ್ಕುವುದು, ಹಸಿವು ಏರುವುದು, ಈಗ ಹೇಳಿದ್ದು ಈಗ ಮರೆಯುವುದು ಇದರಿಂದಲೇ. ಉಸಿರಾಟವನ್ನು ನಡೆಸುವ ಮಿದುಳುಕಾಂಡದಲ್ಲಿ ಈ ಗ್ರಾಹಕಗಳು ತೀರ ಕಡಿಮೆ. ಆದ್ದರಿಂದಲೇ ಹೆರಾಯಿನ್‌ನಂತೆ ಗಾಂಜಾ ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ. ಬಾಯಿಂದ ತಿಂದರೆ ಅಥವಾ ಕುಡಿದರೆ ಅಮಲು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏರಲಿಲ್ಲವಲ್ಲ ಎಂದು ಮತ್ತೊಂದು ಲೋಟ ಭಂಗಿ ಕುಡಿದವರು ಎದೆ ಹೊಡೆದುಕೊಂಡು, ಸತ್ತೇ ಹೋಗುತ್ತೇನೆಂಬ ಗಾಬರಿಯಲ್ಲಿ ತುರ್ತು ಚಿಕಿತ್ಸೆಗೆ ಬರುತ್ತಾರೆ.

ಹರೆಯದಲ್ಲಿ ಮಿದುಳು ತನ್ನನ್ನು ತಾನು ತಿದ್ದಿಕೊಳ್ಳುತ್ತಿರುತ್ತದೆ. ತೋಟದಲ್ಲಿ ಬೇಡದ ರೆಂಬೆ ಸವರಿ ಫಲ ಕೊಡುವುದನ್ನು ಉಳಿಸುವ ಹಾಗೆ, ಬಳಕೆಯಾಗದ ಸಂಪರ್ಕಗಳನ್ನು ಕಳಚಿ ಬೇಕಾದವನ್ನು ಬಲಪಡಿಸುತ್ತದೆ. ಸುಮಾರು 25 ವರ್ಷದವರೆಗೆ ಈ ಕೆಲಸ ನಡೆಯುತ್ತದೆ, ಅದರಲ್ಲಿ ಮಿದುಳಿನ ಸ್ವಂತ ಗಾಂಜಾ ವ್ಯವಸ್ಥೆಗೂ ಪಾತ್ರವಿದೆ. ಆ ಹೊತ್ತಿನಲ್ಲಿ ಹೊರಗಿನಿಂದ ದಿನಾ ಟಿಎಚ್‌ಸಿ ಸುರಿಯುವುದಕ್ಕೂ ನಲವತ್ತರ ವಯಸ್ಕನೊಬ್ಬ ಜಾತ್ರೆಯಲ್ಲಿ ಒಮ್ಮೆ ಚಿಲುಮೆ ಎಳೆಯುವುದಕ್ಕೂ ಅಂತರವಿದೆ. ನಾನು ಹೇಳಬೇಕೆಂದಿರುವ ಮಾತಿನ ತಿರುಳು ಇದೇ: ಅಪಾಯ ಎಲ್ಲರ ಮೇಲೂ ಸಮನಾಗಿ ಹಂಚಿಲ್ಲ. ಬೇಗ ಶುರು ಮಾಡಿದವರು, ದಿನವೂ ಸೇದುವವರು, ತೀಕ್ಷ್ಣ ಮಾಲು ಬಳಸುವವರು, ಮನೆತನದಲ್ಲಿ ಮನೋರೋಗ ಇರುವವರು, ಇವರ ಮೇಲೆ ಅದು ಕೇಂದ್ರೀಕರಿಸಿದೆ.

ಮನೋರೋಗದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ವೀಡನ್‌ನಲ್ಲಿ ಸೈನ್ಯಕ್ಕೆ ಸೇರಿಸಿಕೊಂಡ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಸೇನೆ ಸೇರುವ ಮೊದಲೇ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಬರುವ ಸಾಧ್ಯತೆ ಬಳಸದವರಿಗಿಂತ ಆರು ಪಟ್ಟು ಇತ್ತು. 2019ರಲ್ಲಿ ಯುರೋಪ್ ಮತ್ತು ಬ್ರೆಜಿಲ್‌ನ 11 ಕೇಂದ್ರಗಳಿಂದ ಬಂದ ಅಧ್ಯಯನದಲ್ಲಿ ದಿನವೂ ಬಳಸುವವರಲ್ಲಿ ವಾಸ್ತವದ ಅರಿವು ತಪ್ಪುವ ಮನೋವಿಕಾರದ (ಸೈಕೋಸಿಸ್) ಸಾಧ್ಯತೆ ಸುಮಾರು ಮೂರು ಪಟ್ಟು. ತೀಕ್ಷ್ಣ ಮಾಲನ್ನು ದಿನವೂ ಬಳಸುವವರಲ್ಲಿ ಐದು ಪಟ್ಟಿನಷ್ಟು. ರೋಗದ ಒಲವು ಮೊದಲೇ ಇದ್ದವರೇ ಗಾಂಜಾದ ಕಡೆ ಹೋಗುತ್ತಾರೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಕೇಳಿದ್ದಾರೆ. ಅದರಲ್ಲೂ ಸ್ವಲ್ಪ ಹುರುಳಿದೆ. ಆದರೆ ಅದೊಂದರಿಂದ ಇಡೀ ಸಂಬಂಧವನ್ನು ವಿವರಿಸಲಾಗುವುದಿಲ್ಲ. ಸ್ಕಿಜೋಫ್ರೇನಿಯಾ ನೂರರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಅದು ಕೆಲವು ಪಟ್ಟು ಹೆಚ್ಚಾದರೂ ಸೇದುವವರಲ್ಲಿ ಬಹುಪಾಲು ಜನರಿಗೆ ಅದು ಬರುವುದಿಲ್ಲ. ಬಂದ ಮನೆಗೆ ಮಾತ್ರ ಈ ಲೆಕ್ಕದಿಂದ ಯಾವ ಸಮಾಧಾನವೂ ಇಲ್ಲ.

ಅಂಥ ಒಂದು ಮನೆಯನ್ನು, ಗುರುತು ಸಿಗದ ಹಾಗೆ ವಿವರ ಬದಲಿಸಿ, ನಿಮ್ಮ ಮುಂದಿಡುತ್ತೇನೆ. ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ರಜೆಗೆ ಮನೆಗೆ ಬಂದವನು ಕಿಟಕಿಗಳಿಗೆ ಪೇಪರ್ ಅಂಟಿಸಿದ. ಎದುರು ಮನೆಯವರು ತನ್ನ ಮೊಬೈಲ್ ನೋಡುತ್ತಿದ್ದಾರೆ ಎಂದ. ಅಮ್ಮ ಬಡಿಸಿದ ಊಟವನ್ನು ಮೊದಲು ಅಮ್ಮನೇ ತಿಂದು ತೋರಿಸಬೇಕು ಎಂದು ಹಟ ಹಿಡಿದ. ಸ್ನೇಹಿತರಿಂದ ಗಾಂಜಾ ವಿಷಯ ಗೊತ್ತಾದಾಗ ಅಪ್ಪನಿಗೆ ಒಂದು ರೀತಿಯ ನಿರಾಳ. ಅಮಲು ಇಳಿದರೆ ಸರಿಹೋಗುತ್ತಾನೆ ಎಂದುಕೊಂಡರು. ಸರಿಹೋಗಲಿಲ್ಲ. ದೃಷ್ಟಿಯಾಗಿದೆ ಎಂದರು ಒಬ್ಬರು, ಮಾಟ ಎಂದರು ಇನ್ನೊಬ್ಬರು. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ, ತಾಯಿತದಿಂದ ಹೋಮಕ್ಕೆ ಹೋದರು. ನೆಂಟರಿಗೆ ತಿಳಿಯಬಾರದೆಂದು ಶಿವಮೊಗ್ಗದ ಯಾವ ವೈದ್ಯರಲ್ಲಿಗೂ ಕರೆತರಲಿಲ್ಲ. ನನ್ನ ಬಳಿ ಬರುವ ಹೊತ್ತಿಗೆ ವರ್ಷ ಕಳೆದಿತ್ತು. ಹುಡುಗ ಸ್ನಾನ ಬಿಟ್ಟಿದ್ದ, ಮಾತು ಬಿಟ್ಟಿದ್ದ. ಔಷಧಿಯಿಂದ ಅನುಮಾನಗಳು ಇಳಿದವು. ಆದರೆ ಗಣಿತದಲ್ಲಿ ಚುರುಕಾಗಿದ್ದ ಆ ಹುಡುಗನ ಏಕಾಗ್ರತೆ ಪೂರ್ತಿ ಮರಳಲಿಲ್ಲ.

ಮೊದಲ ಸಲ ಮನೋವಿಕಾರ ಕಾಣಿಸಿಕೊಂಡಾಗ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಡಿಮೆ ಎಂಬುದು ಜಗತ್ತಿನ ಎಲ್ಲೆಡೆಯ ಅನುಭವ. ಡೆನ್ಮಾರ್ಕ್‌ನಲ್ಲಿ ಗಾಂಜಾದಿಂದ ಬಂದ ಮನೋವಿಕಾರ ಎಂದು ದಾಖಲಾದವರನ್ನು ದೀರ್ಘಕಾಲ ಗಮನಿಸಿದಾಗ, 20 ವರ್ಷಗಳಲ್ಲಿ ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ಎಂಬ ನಿರ್ಣಯಕ್ಕೆ ಬರಬೇಕಾಯಿತು. ಆದ್ದರಿಂದ ಅಮಲು ಇಳಿದ ಮೇಲೆ ನೋಡೋಣ ಎಂದು ತಿಂಗಳುಗಟ್ಟಲೆ ಕಾಯುವುದು ಅತ್ಯಂತ ಅಪಾಯದ ನಿರ್ಧಾರ. ಕಾಯುವವರು ಕೆಟ್ಟ ತಂದೆತಾಯಿಗಳಲ್ಲ, ಮರ್ಯಾದೆಗೆ ಅಂಜಿದವರು.

ಬುದ್ಧಿಶಕ್ತಿಯ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಿಲ್ಲ. ನ್ಯೂಜಿಲೆಂಡ್‌ನ ಡನೀಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು 38 ವರ್ಷದವರೆಗೆ ಗಮನಿಸಿದರು. ಹರೆಯದಲ್ಲೇ ಶುರು ಮಾಡಿ ವರ್ಷಾನುಗಟ್ಟಲೆ ಬಿಡದೆ ಬಳಸಿದವರಲ್ಲಿ ಐಕ್ಯೂ 8 ಅಂಕದವರೆಗೆ ಇಳಿದಿತ್ತು ಎಂದು 2012ರಲ್ಲಿ ವರದಿಯಾಯಿತು. ಮುಂದೆ ಅವಳಿಗಳ ಮೇಲೆ ನಡೆದ ಅಧ್ಯಯನಗಳು, ಇದರಲ್ಲಿ ಮನೆಯ ವಾತಾವರಣದ ಪಾಲೂ ಇದೆ ಎಂದು ತೋರಿಸಿದವು. ಎರಡನ್ನೂ ಹೇಳುವುದು ನ್ಯಾಯ. ಆದರೆ ಸೇದುತ್ತಿರುವ ಅವಧಿಯಲ್ಲಿ ಹೊಸದನ್ನು ಕಲಿಯುವ ಶಕ್ತಿ, ಗಮನ, ನೆನಪು ಕುಗ್ಗುವುದರಲ್ಲಿ ಅನುಮಾನವಿಲ್ಲ. ಪಿಯುಸಿ ವಿದ್ಯಾರ್ಥಿಗೆ ಆ ಎರಡು ವರ್ಷ ಎಂದರೆ ಏನು ಎಂಬುದನ್ನು ಈ ಸಭೆಯ ತಂದೆತಾಯಿಗಳಿಗೆ ನಾನು ವಿವರಿಸಬೇಕಿಲ್ಲ.

ವೈದ್ಯರಿಗೂ ಬೇಗ ಹೊಳೆಯದ ತೊಂದರೆ ಒಂದಿದೆ. ತಾಯಿಯೊಬ್ಬರು ಮಗನನ್ನು ಕರೆತಂದಿದ್ದರು. ವಾಂತಿ, ಹೊಟ್ಟೆನೋವು. ಎಂಡೋಸ್ಕೋಪಿ ಆಗಿತ್ತು, ಸ್ಕ್ಯಾನ್ ಆಗಿತ್ತು, ಎಲ್ಲವೂ ನಾರ್ಮಲ್. ಡ್ರಿಪ್ ಹಾಕಿ ಮನೆಗೆ ಕಳಿಸಿದರೆ ಕೆಲವು ವಾರಕ್ಕೆ ಮತ್ತೆ ಅದೇ. ಮಾತಿನ ನಡುವೆ ಆಕೆ, "ಮೂರು ಹೊತ್ತೂ ಬಚ್ಚಲಲ್ಲೇ ಇರ್ತಾನೆ ಡಾಕ್ಟ್ರೇ, ಹಂಡೆ ನೀರು ಖಾಲಿಯಾದ್ರೆ ಕೂಗಾಡ್ತಾನೆ" ಎಂದರು. ಆ ಮಾತೇ ರೋಗವನ್ನು ಹೇಳಿತು. ವರ್ಷಗಟ್ಟಲೆ ಗಾಂಜಾ ಸೇದಿದ ಕೆಲವರಲ್ಲಿ ಬಿಟ್ಟು ಬಿಟ್ಟು ಬರುವ ವಿಪರೀತ ವಾಂತಿ ಇದು. 2004ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ಮೊದಲು ವಿವರಿಸಿದರು. ಸುಡುಸುಡು ನೀರಿನ ಸ್ನಾನದಿಂದ ಮಾತ್ರ ಸ್ವಲ್ಪ ಹೊತ್ತು ಆರಾಮ. ಮಾಮೂಲಿ ವಾಂತಿ ಮಾತ್ರೆಗಳು ಹೆಚ್ಚು ಕೆಲಸ ಮಾಡುವುದಿಲ್ಲ. ದೇಹದ ನೀರು ಆರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಗಾಂಜಾ ಬಿಟ್ಟರೆ ನಿಲ್ಲುತ್ತದೆ. ಸೇದುವುದರಿಂದ ವಾಕರಿಕೆ ಕಡಿಮೆಯಾಗುತ್ತದೆ ಎಂದು ಕೇಳಿರುವ ಹುಡುಗರು ವಾಂತಿ ಬಂದಾಗ ಇನ್ನಷ್ಟು ಸೇದುತ್ತಾರೆ, ಸಿಕ್ಕು ಬಿಗಿಯಾಗುತ್ತದೆ.

ಇನ್ನುಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸೇದಿದ ಮೊದಲ ಒಂದು ಗಂಟೆ ಹೃದಯಕ್ಕೆ ಕಷ್ಟದ ಹೊತ್ತು. ಬಡಿತ ಏರುತ್ತದೆ, ಹೃದಯಾಘಾತದ ಸಂಭವ ಆ ಗಂಟೆಯಲ್ಲಿ ಹಲವು ಪಟ್ಟು ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು 2001ರಲ್ಲಿ ಕಂಡಿತು. ದಿನವೂ ಸೇದುವವರಲ್ಲಿ ಕೆಮ್ಮು, ಕಫ, ಶ್ವಾಸನಾಳದ ಉರಿಯೂತ ಸಾಮಾನ್ಯ. ಗಾಂಜಾ ಒಂದರಿಂದಲೇ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ನಮ್ಮ ಕಡೆ ಅದನ್ನು ಹೆಚ್ಚಾಗಿ ಸಿಗರೇಟಿನ ತಂಬಾಕಿನೊಂದಿಗೆ ಬೆರೆಸಿಯೇ ಸೇದುತ್ತಾರೆ, ತಂಬಾಕಿನ ಕ್ಯಾನ್ಸರ್ ಬಗ್ಗೆ ಅನುಮಾನವೇ ಇಲ್ಲ. ಗರ್ಭಿಣಿ ಸೇದಿದರೆ ಮಗುವಿನ ತೂಕ ಕಡಿಮೆಯಾಗುತ್ತದೆ. ಅಮಲಿನಲ್ಲಿ ಬೈಕ್ ಓಡಿಸಿದರೆ ಅಪಘಾತದ ಸಂಭವ ಹೆಚ್ಚು. ತುಂಗಾ ಸೇತುವೆಯ ಮೇಲೆ, ಬಿ.ಎಚ್. ರಸ್ತೆಯಲ್ಲಿ ಎದುರಿಗೆ ಬರುವವರು ನಮ್ಮ ನಿಮ್ಮ ಮನೆಯವರೇ.

ಚಟವಾಗುವುದಿಲ್ಲ ಎಂಬ ಮಾತು ಹುಡುಗರಲ್ಲಿ ಬಹಳ ಪ್ರಚಾರದಲ್ಲಿದೆ. ಒಮ್ಮೆಯಾದರೂ ಬಳಸಿದ ಹತ್ತರಲ್ಲಿ ಸುಮಾರು ಒಬ್ಬರಿಗೆ ಅದು ಚಟವಾಗುತ್ತದೆ. ಹರೆಯದಲ್ಲೇ ಶುರು ಮಾಡಿದವರಲ್ಲಿ ಆರರಲ್ಲಿ ಒಬ್ಬರಿಗೆ. ಬಿಟ್ಟ ಒಂದೆರಡು ದಿನಗಳಲ್ಲಿ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು, ವಿಚಿತ್ರ ಕನಸುಗಳು ಶುರುವಾಗಿ ಮೊದಲ ವಾರದಲ್ಲಿ ಜೋರಾಗಿರುತ್ತವೆ, ಎರಡು ವಾರದ ಹೊತ್ತಿಗೆ ಇಳಿಯುತ್ತವೆ. ಈ ಎರಡು ವಾರಗಳ ಬಗ್ಗೆ ಯಾರೂ ಮೊದಲೇ ಹೇಳಿರದ ಕಾರಣ ಹುಡುಗ, "ಇದಿಲ್ಲದೆ ನಾನು ಬದುಕಲಾರೆ" ಎಂದು ತಿಳಿದು ಮತ್ತೆ ಶುರು ಮಾಡುತ್ತಾನೆ. ಮನೆಯವರು ಅವನ ಸಿಡುಕನ್ನು ಅಹಂಕಾರ ಎಂದುಕೊಳ್ಳುತ್ತಾರೆ. ಇದಕ್ಕೆಂದೇ ಮಾತ್ರೆ ಇಲ್ಲ. ಆಪ್ತಸಮಾಲೋಚನೆ, ದಿನಚರಿ, ನಿದ್ದೆ, ಜೊತೆಗಿರುವ ಒಬ್ಬ ಮನುಷ್ಯ, ಇವೇ ಚಿಕಿತ್ಸೆ. ಇವು ಕೆಲಸ ಮಾಡುತ್ತವೆ. ಬಿಟ್ಟು ಓದು ಮುಗಿಸಿ ಕೆಲಸಕ್ಕೆ ಸೇರಿದ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ.

ವಿದ್ಯಾರ್ಥಿಗಳು ಪ್ರತಿ ಸಲ ಕೇಳುವ ಪ್ರಶ್ನೆ: ಔಷಧಿಯಾಗಿ ಬಳಸುತ್ತಾರಲ್ಲ? ಹೌದು. ಗಿಡದಲ್ಲಿರುವ ಸಿಬಿಡಿ ಎಂಬ, ಅಮಲಿಲ್ಲದ ಅಂಶದಿಂದ ಮಾಡಿದ ಔಷಧಿಗೆ ಮಕ್ಕಳಲ್ಲಿ ಕಾಣುವ ಎರಡು ಅಪರೂಪದ ಮೂರ್ಛೆ ರೋಗಗಳಿಗಾಗಿ ಅಮೆರಿಕ 2018ರಲ್ಲಿ ಅನುಮತಿ ಕೊಟ್ಟಿತು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ, ಕೆಲವು ಬಗೆಯ ದೀರ್ಘಕಾಲದ ನೋವಿಗೆ ಉಪಯೋಗವಿದೆ ಎಂಬುದಕ್ಕೂ ಪುರಾವೆ ಇದೆ. ಅಳತೆ ಮಾಡಿ, ರೋಗ ನೋಡಿ ವೈದ್ಯರು ಕೊಡುವ ಔಷಧಿಯನ್ನು ತೋರಿಸಿ ಹದಿನೇಳರ ಹುಡುಗನ ಜೇಬಿನ ಪೊಟ್ಟಣವನ್ನು ಸಮರ್ಥಿಸಲಾಗದು.

ಕಾನೂನಿನ ಬಗ್ಗೆ ಒಂದು ಮಾತನ್ನು ತಂದೆತಾಯಿಗಳು ತಿಳಿದಿರಬೇಕು. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯಿದೆಯ 27ನೇ ಕಲಂ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದೇ ಕಾಯಿದೆಯ 64ಎ ಕಲಂ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಕೊಡುತ್ತದೆ. ಮೊದಲನೆಯ ಕಲಂ ಎಲ್ಲರಿಗೂ ಗೊತ್ತು. ಎರಡನೆಯದನ್ನು ಹೇಳುವವರಿಲ್ಲ. ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸಾಗುತ್ತದೆ, ಹುಡುಗನ ಪಾಸ್‌ಪೋರ್ಟ್ ಹೋಗುತ್ತದೆ ಎಂದು ಹೆದರಿ ಮನೆಯಲ್ಲೇ ಕೂಡಿಹಾಕುವವರಿದ್ದಾರೆ. ಚಿಕಿತ್ಸೆ ಕೇಳಿ ಬಂದವರನ್ನು ವೈದ್ಯರು ರೋಗಿಯೆಂದೇ ನೋಡುತ್ತಾರೆ, ವಿಷಯವನ್ನು ಗುಟ್ಟಾಗಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮಾದಕ ವಸ್ತುಗಳಿಂದಾದ ತೊಂದರೆಯನ್ನೂ ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೆ ಸೇರಿಸಿದೆ, ಗೌಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ.

ಮಾನಸಿಕ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡುವುದನ್ನು ನಾಡಿಗೇ ಕಲಿಸಿದವರಲ್ಲಿ ನಮ್ಮ ಊರಿನ ಮನೋವೈದ್ಯ ಡಾ. ಅಶೋಕ್ ಪೈ ಮುಂಚೂಣಿಯಲ್ಲಿದ್ದರು. ಮಾನಸ ಆಸ್ಪತ್ರೆ, ಪತ್ರಿಕಾ ಬರಹ, 1988ರ 'ಕಾಡಿನ ಬೆಂಕಿ'ಯಂಥ ಸಿನಿಮಾ, ಯಾವುದನ್ನೂ ಅವರು ಬಿಡಲಿಲ್ಲ. 2016ರಲ್ಲಿ ಅವರು ತೀರಿಕೊಂಡರು. ಅಂಥವರಿದ್ದ ಊರಿನಲ್ಲಿ ಇಂದಿಗೂ ಮಗನ ವಿಷಯ ನೆಂಟರಿಗೆ ತಿಳಿದೀತೆಂದು ವರ್ಷಗಟ್ಟಲೆ ಮುಚ್ಚಿಡುತ್ತೇವೆ ಎಂಬುದು ನನಗೆ ನೋವಿನ ಸಂಗತಿ.

ಆದ್ದರಿಂದ ನಿಮ್ಮಲ್ಲಿ ಕೆಲವು ಬೇಡಿಕೆಗಳು. ಕಾಲೇಜುಗಳ ಪ್ರಾಂಶುಪಾಲರೇ, ಸಿಕ್ಕಿಬಿದ್ದ ಹುಡುಗನ ಕೈಗೆ ಟಿಸಿ ಕೊಟ್ಟು ಕಳಿಸಬೇಡಿ. ಅಂದಿನಿಂದ ಅವನಿಗೆ ಉಳಿಯುವುದು ಸೇದುವ ಗೆಳೆಯರು ಮಾತ್ರ. ತಂದೆತಾಯಿಗಳೇ, ಮನೆತನದಲ್ಲಿ ಯಾರಿಗಾದರೂ ಮನೋರೋಗ ಇದ್ದಿದ್ದರೆ ಅದನ್ನು ಮಕ್ಕಳಿಗೆ ತಿಳಿಸಿ. ಅವರ ಪಾಲಿಗೆ ಗಾಂಜಾದ ಅಪಾಯ ಬೇರೆಯೇ ಎಂಬುದು ಅವರಿಗೆ ಗೊತ್ತಿರಲಿ. ವಿದ್ಯಾರ್ಥಿಗಳೇ, ಗೆಳೆಯನೊಬ್ಬ ಇದ್ದಕ್ಕಿದ್ದಂತೆ ಎಲ್ಲರನ್ನೂ ಅನುಮಾನಿಸತೊಡಗಿದರೆ, ನಿದ್ದೆಯಿಲ್ಲದೆ ತನ್ನಷ್ಟಕ್ಕೆ ಮಾತಾಡತೊಡಗಿದರೆ ರೂಮಿನಲ್ಲಿ ಮುಚ್ಚಿಡದೆ ಅದೇ ವಾರ ಅವನ ಮನೆಯವರಿಗೆ ತಿಳಿಸಿ. ಅದು ಚಾಡಿಯಲ್ಲ. ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಅಲ್ಲಿಗೆ ಹೋಗಲು ಸಂಕೋಚವಾದರೆ ಮೊದಲು ಫೋನ್ ಮಾಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ. ಟೆಲಿ ಮನಸ್‌ನಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಎದ್ದು ಹೋಗುವ ಮೊದಲು ಈ ಎರಡು ಸಂಖ್ಯೆಗಳನ್ನು ದಯವಿಟ್ಟು ಮೊಬೈಲ್‌ನಲ್ಲಿ ಬರೆದುಕೊಳ್ಳಿ.